ಕ್ರೀಟ್‌ನಲ್ಲಿ ಎಲ್ಲಿ ಉಳಿಯೋದು? ಸುಧೀರನಿಗೊಂದು ಪತ್ರ

ಪ್ರಿಯ ಸುಧೀರ,

ಗ್ರೀಸ್‌ನ ಕ್ರೀಟ್ ದ್ವೀಪದಲ್ಲಿ ಉಳಿಯೋಕೆ ಅಂತ ನೀನು ಕಳಿಸಿದ ಹೋಟೆಲ್ ಫೋಟೋಗಳನ್ನೆಲ್ಲ ನೋಡಿದೆ. ಎಲೌಂಡಾ ಚೆಂದದ ಜಾಗ, ಅದರಲ್ಲಿ ಎರಡು ಮಾತಿಲ್ಲ. ಆದರೆ ಫೋಟೋಗಳ ಕೆಳಗೆ ನೋಡಬೇಕಾದ ಜಾಗಗಳದ್ದೂ ಒಂದು ಪಟ್ಟಿ ಹಾಕಿದ್ದೀಯಲ್ಲ, ಎಲಾಫೊನಿಸಿ ಮರಳ ದಂಡೆ, ಸಮಾರಿಯಾ ಕಣಿವೆ, ಹನಿಯಾ ಊರಿನ ಹಳೇ ಬಂದರು, ಕ್ನೋಸೋಸ್‌ನ ಪುರಾತನ ಅರಮನೆ ಅಂತ. ಆ ಪಟ್ಟಿಯನ್ನೂ ಆ ಹೋಟೆಲನ್ನೂ ಒಂದೇ ನಕ್ಷೆಯ ಮೇಲೆ ಇಟ್ಟು ನೋಡಿದ್ದೀಯಾ ಮಾರಾಯ? ನಾಲ್ಕರಲ್ಲಿ ಮೂರು ದ್ವೀಪದ ಪಶ್ಚಿಮದಲ್ಲಿವೆ. ನಿನ್ನ ಹೋಟೆಲ್ ಇರೋದು ಪೂರ್ವದಲ್ಲಿ. ಎಲೌಂಡಾದಿಂದ ಎಲಾಫೊನಿಸಿಗೆ ಹೋಗೋದಕ್ಕೇ ಕಾರಿನಲ್ಲಿ ನಾಲ್ಕೂವರೆ ಗಂಟೆ ಹಿಡಿಯುತ್ತದೆ, ಮತ್ತೆ ಅಷ್ಟೇ ವಾಪಸ್. ಅಮ್ಮನನ್ನ ಹಿಂದಿನ ಸೀಟಲ್ಲಿ ಕೂರಿಸಿಕೊಂಡು ಇದನ್ನ ಮಾಡ್ತೀಯಾ?

ಕ್ರೀಟ್ ಅಂದ್ರೆ ಸಾಂತೊರಿನಿಯಂಥ ಪುಟ್ಟ ದ್ವೀಪ ಅಲ್ಲ. ಅಲ್ಲಾದರೆ ಎಲ್ಲಿ ಉಳಿದರೂ ಇನ್ನೊಂದು ತುದಿ ಹತ್ತಿರವೇ. ಇದು ಪೂರ್ವ ಪಶ್ಚಿಮವಾಗಿ ಸುಮಾರು 260 ಕಿ.ಮೀ. ಉದ್ದ, ಅಂದರೆ ಶಿವಮೊಗ್ಗದಿಂದ ಬೆಂಗಳೂರಿಗಿರೋ ದೂರಕ್ಕಿಂತ ತುಸು ಕಡಿಮೆ. ಅಗಲ ಒಂದು ಕಡೆ 12 ಕಿ.ಮೀ. ಅಷ್ಟೆ, ಹೆಚ್ಚೆಂದರೆ 60. ಹಾಗಾದರೆ ಉತ್ತರದಿಂದ ದಕ್ಷಿಣಕ್ಕೆ ಹೋಗೋದು ಸುಲಭ ಅಂದುಕೊಳ್ಳಬೇಡ, ನಡುವೆ ಉದ್ದಕ್ಕೂ ಬೆಟ್ಟ. ಪ್ಸಿಲೊರಿಟಿಸ್ 2,456 ಮೀಟರ್ ಎತ್ತರ ಇದೆ, ಪಶ್ಚಿಮದ ಬಿಳಿ ಬೆಟ್ಟಗಳ ಪಾಹ್ನೆಸ್ ಅದಕ್ಕಿಂತ ಬರೀ ಮೂರು ಮೀಟರ್ ಕಡಿಮೆ. ಮುಖ್ಯ ಹೆದ್ದಾರಿ ಇರೋದು ಉತ್ತರ ಕರಾವಳಿಯಲ್ಲಿ ಒಂದೇ. ಉಳಿದಿದ್ದೆಲ್ಲ ಹೇರ್‌ಪಿನ್ ತಿರುವು, ಮೇಕೆ ಹಿಂಡು, ಮತ್ತೆ ತಿರುವು.

ಅದಕ್ಕೇ ಇಲ್ಲಿ ಮೊದಲು ಹೋಟೆಲ್ ಹುಡುಕಬಾರದು, ಊರು ಆರಿಸಬೇಕು. ಹೋಟೆಲ್ ಆಮೇಲೆ ತಾನಾಗಿ ಸಿಗುತ್ತೆ.

ಇನ್ನೊಂದು ವಿಷಯ, ನೀವು ಬರೋದು ದಸರಾ ರಜೆಗೆ. ಅದು ಒಳ್ಳೇದೇ ಆಯ್ತು. ಇಲ್ಲಿ ಜರ್ಮನಿಯವರೆಲ್ಲ ಮಕ್ಕಳ ಬೇಸಿಗೆ ರಜೆ ಅಂತ ಜುಲೈ, ಆಗಸ್ಟಿನಲ್ಲಿ ಅಲ್ಲಿಗೆ ನುಗ್ತಾರೆ. ಆಗ ಉತ್ತರ ಕರಾವಳಿಯಲ್ಲಿ ಮೆಲ್ತೆಮಿ ಗಾಳಿ ಬೀಸುತ್ತೆ, ಅದು ಜೋರಾದ ದಿನ ಅಲೆ ಎದ್ದು ಮಕ್ಕಳನ್ನ ನೀರಿಗಿಳಿಸೋಕೆ ಆಗಲ್ಲ. ಅಕ್ಟೋಬರ್ ಹೊತ್ತಿಗೆ ಆ ಗಾಳಿ ತಗ್ಗಿರುತ್ತೆ. ಬೇಸಿಗೆಯಿಡೀ ಕಾದ ಸಮುದ್ರ ಇನ್ನೂ ಬೆಚ್ಚಗಿರುತ್ತೆ, ಮೇ ತಿಂಗಳ ನೀರಿಗಿಂತ ಹಿತ. ತೊಂದರೆ ಅಂದ್ರೆ ಒಂದೇ. ಪ್ರವಾಸಿಗರಿಗೆಂದೇ ಹುಟ್ಟಿಕೊಂಡ ಕರಾವಳಿ ಊರುಗಳು ಆ ತಿಂಗಳ ಕೊನೆಯ ಹೊತ್ತಿಗೆ ಒಂದೊಂದಾಗಿ ಬಾಗಿಲು ಹಾಕ್ತವೆ. ಕುರ್ಚಿಗಳನ್ನ ಒಂದರ ಮೇಲೊಂದು ಪೇರಿಸಿ ಪ್ಲಾಸ್ಟಿಕ್ ಹೊದಿಸಿರ್ತಾರೆ, ಅಂಗಡಿಯವನು ಉಳಿದ ಸನ್‌ಕ್ರೀಮ್ ಅರ್ಧ ಬೆಲೆಗೆ ಮಾರ್ತಾ ಇರ್ತಾನೆ. ಹನಿಯಾ, ರೆಥಿಮ್ನೊ, ಹೆರಾಕ್ಲಿಯನ್ ಹಾಗಲ್ಲ. ಅಲ್ಲಿ ಜನ ವರ್ಷವಿಡೀ ವಾಸ ಮಾಡ್ತಾರೆ, ಮಕ್ಕಳು ಶಾಲೆಗೆ ಹೋಗ್ತಾರೆ, ತರಕಾರಿ ಮಾರುಕಟ್ಟೆ ನಡೆಯುತ್ತೆ. ಅಕ್ಟೋಬರಿನಲ್ಲಿ ಉಳಿಯೋದಾದರೆ ಇಂಥ ಊರಲ್ಲೇ ಉಳಿಯಬೇಕು ಅನ್ನೋದು ನನ್ನ ಹಟ.

ನಿಮ್ಮ ನಾಲ್ಕು ಜನಕ್ಕೆ ನನ್ನ ಆಯ್ಕೆ ಹನಿಯಾ. ಯಾಕೆ ಅಂತ ಸ್ವಲ್ಪ ವಿವರವಾಗೇ ಹೇಳ್ತೀನಿ, ಯಾಕಂದ್ರೆ ಆ ಊರಲ್ಲೂ ಎಲ್ಲಿ ಉಳಿಯೋದು ಅನ್ನೋದು ಸಣ್ಣ ಪ್ರಶ್ನೆ ಅಲ್ಲ.

ಹಳೇ ಊರು ನೋಡಿದವರು ಅಲ್ಲೇ ಇದ್ದುಬಿಡೋಣ ಅಂತಾರೆ. ವೆನಿಸ್‌ನವರು ಕಟ್ಟಿದ ಬಂದರು, ಅದರ ತುದಿಯಲ್ಲಿ ದೀಪಸ್ತಂಭ, ಹಿಂದೆ ಟೊಪಾನಾಸ್ ಕೇರಿಯ ಇಕ್ಕಟ್ಟಾದ ಮನೆಗಳು. ಬಹಳಷ್ಟು ಮನೆಗಳನ್ನ ಪುಟ್ಟ ಹೋಟೆಲ್ ಮಾಡಿದ್ದಾರೆ. ಫೋಟೋದಲ್ಲಿ ಕಲ್ಲಿನ ಕಮಾನು, ಬಿಳಿ ಹಾಸಿಗೆ, ಕಿಟಕಿಯಾಚೆ ಸಮುದ್ರ. ಫೋಟೋದಲ್ಲಿ ಕಾಣದ್ದು ಮೆಟ್ಟಿಲು. ಮನೆ ಒಂದು ಕೋಣೆಯಷ್ಟೇ ಅಗಲ, ಆದರೆ ಮೂರು ಅಂತಸ್ತು. ಒಳಗಿನ ಮರದ ಮೆಟ್ಟಿಲು ಒಂದೊಂದೂ ಮೊಣಕಾಲೆತ್ತಿ ಇಡೋ ಎತ್ತರ, ಹಿಡಿದುಕೊಳ್ಳೋಕೆ ಗೋಡೆಗೆ ಕಟ್ಟಿದ ಹಗ್ಗ. ನಾನಿದ್ದ ಮನೆಯಲ್ಲಿ ಬಚ್ಚಲು ಒಂದು ಮಹಡಿಯಲ್ಲಿ, ಮಲಗೋ ಜಾಗ ಇನ್ನೊಂದು ಮಹಡಿಯಲ್ಲಿ. ರಾತ್ರಿ ಎರಡು ಗಂಟೆಗೆ ಅಮ್ಮ ಎದ್ದರೆ ಏನ್ ಕಥೆ ಯೋಚನೆ ಮಾಡು. ಅದೂ ಅಲ್ಲದೆ ಒಳಗೆ ಕಾರು ಬಿಡಲ್ಲ. ಕೋಟೆಯ ಹೊರಗೆ ನಿಲ್ಲಿಸಿ, ಕಲ್ಲು ಹಾಸಿನ ಮೇಲೆ ಸೂಟ್‌ಕೇಸ್ ಗಡಗಡ ಎಳೀತಾ ಹೋಗಬೇಕು. ಬಂದರಿನ ಕಟ್ಟೆಗೆ ತಡೆಗಂಬಿಯೂ ಇಲ್ಲ, ನಿಮ್ಮ ಪುಟ್ಟಿ ಓಡೋ ಓಟಕ್ಕೆ ವಿದ್ಯಾಳ ಜೀವ ಬಾಯಿಗೆ ಬರುತ್ತೆ.

ಗಂಡ ಹೆಂಡತಿ ಇಬ್ಬರೇ ಬರೋದಾದರೆ ಹಳೇ ಊರಲ್ಲೇ ಸ್ಪ್ಲಾಂಜಿಯಾ ಕಡೆ ಇರಿ ಅಂತಿದ್ದೆ. ಬಂದರಿನ ಗದ್ದಲ ಅಲ್ಲಿಗೆ ಅಷ್ಟಾಗಿ ಬರಲ್ಲ. ಅಲ್ಲಿನ ಚೌಕದಲ್ಲಿ ಸಂತ ನಿಕೋಲಸ್ ಚರ್ಚು ಇದೆ, ಒಂದು ಕಡೆ ಗಂಟೆಗೋಪುರ, ಇನ್ನೊಂದು ಕಡೆ ಮಿನಾರು. ವೆನಿಸ್‌ನವರ ಕಾಲದ್ದು, ತುರ್ಕರು ಬಂದಾಗ ಮಸೀದಿ ಮಾಡಿದರು, ಆಮೇಲೆ ಮತ್ತೆ ಚರ್ಚಾಯ್ತು, ಮಿನಾರನ್ನ ಯಾರೂ ಕೆಡವಲಿಲ್ಲ. ಅದರ ಮುಂದಿನ ಮರದ ನೆರಳಲ್ಲಿ ಕಾಫಿ ಕುಡೀತಾ ಕೂತರೆ ಮಧ್ಯಾಹ್ನ ಹೋಗಿದ್ದೇ ಗೊತ್ತಾಗಲ್ಲ.

ನಿಮಗೆ ಸರಿಹೋಗೋದು ನೆಯಾ ಹೋರಾ. ಹಳೇ ಬಂದರಿನಿಂದ ಪಶ್ಚಿಮಕ್ಕೆ ನಡೆದರೆ ಹದಿನೈದು ನಿಮಿಷ, ದಾರಿ ಸಮತಟ್ಟು. ಅಲ್ಲಿ ಸಣ್ಣದೊಂದು ಮರಳಿನ ದಂಡೆ ಇದೆ, ನೀರು ಆಳ ಇಲ್ಲ, ಊರಿನ ಅಜ್ಜಿಯರೇ ಸಂಜೆ ಟೋಪಿ ಹಾಕ್ಕೊಂಡು ನೀರಲ್ಲಿ ನಿಂತು ಹರಟೆ ಹೊಡೀತಿರ್ತಾರೆ. ಅಮ್ಮನಿಗೆ ಜೊತೆ ಸಿಕ್ಕ ಹಾಗೂ ಆಯ್ತು, ಭಾಷೆ ಬರದಿದ್ದರೇನು. ದಂಡೆ ಮುಂದೆ ಸಾಲಾಗಿ ಮೀನಿನ ಹೋಟೆಲುಗಳು. ನೀವು ಸಸ್ಯಾಹಾರಿಗಳು ಅಂತ ಹಿಂಜರಿಯಬೇಡ. ಹೋರ್ತಾ ಅಂತ ಕೇಳು, ಬೆಟ್ಟದ ಸೊಪ್ಪು ಬೇಯಿಸಿ ಆಲಿವ್ ಎಣ್ಣೆ, ನಿಂಬೆರಸ ಹಾಕಿ ಕೊಡ್ತಾರೆ. ದಾಕೋಸ್ ಅಂದ್ರೆ ಜವೆಗೋಧಿಯ ಗಟ್ಟಿ ರಸ್ಕಿನ ಮೇಲೆ ತುರಿದ ಟೊಮೇಟೊ ಮತ್ತು ಮಿಜಿತ್ರಾ ಚೀಸ್. ಹನಿಯಾದ್ದೇ ಆದ ಬೂರೆಕಿ ಇದೆ, ಜುಕಿನಿ, ಆಲೂಗಡ್ಡೆ, ಅದೇ ಚೀಸ್ ಪದರ ಪದರವಾಗಿ ಇಟ್ಟು ಒಲೆಯಲ್ಲಿ ಬೇಯಿಸಿದ್ದು. ಅಕ್ಕಿ ತುಂಬಿದ ಟೊಮೇಟೊ ಮಾತ್ರ ವಿಚಾರಿಸಿ ತಗೋ, ಕೆಲವರು ಕೈಮಾ ಸೇರಿಸ್ತಾರೆ. ಊಟ ಆದ ಮೇಲೆ ಬಿಲ್ಲಿನ ಜೊತೆ ಕೇಳದೇ ಹಣ್ಣು ಬರುತ್ತೆ, ಸಣ್ಣ ಬಾಟಲಿಯಲ್ಲಿ ರಾಕಿ ಅನ್ನೋ ಅಲ್ಲಿನ ಸಾರಾಯಿ ಬರುತ್ತೆ. ಅದಕ್ಕೆ ದುಡ್ಡು ತಗೊಳ್ಳಲ್ಲ. ಅಮ್ಮ ಎದುರಿಗಿದ್ದಾಗ ರಾಕಿ ಏನ್ ಮಾಡ್ತೀಯೋ ನಿನಗೆ ಬಿಟ್ಟಿದ್ದು.

ಇದೇ ಕಾರಣಕ್ಕೆ, ಮೂರು ಹೊತ್ತು ಊಟವೂ ಸೇರಿದ ರೆಸಾರ್ಟ್ ಪ್ಯಾಕೇಜು ನನಗೆ ಒಗ್ಗಲ್ಲ. ದುಡ್ಡು ಮೊದಲೇ ಕೊಟ್ಟಿರ್ತೀವಿ, ಹೊರಗೆ ತಿಂದರೆ ನಷ್ಟ ಅನಿಸುತ್ತೆ, ಕೊನೆಗೆ ದ್ವೀಪಕ್ಕೆ ಹೋಗಿ ಬಫೆ ಸಾಲಲ್ಲಿ ತಟ್ಟೆ ಹಿಡಿದು ನಿಂತು ಬರ್ತೀವಿ. ಅದರ ಬದಲು ಅಡುಗೆಮನೆ ಇರೋ ಅಪಾರ್ಟ್‌ಮೆಂಟ್ ಹಿಡಿ. ಬೆಳಿಗ್ಗೆ ಕಾಫಿ, ರಾತ್ರಿ ಯಾವಾಗಲಾದರೂ ಅನ್ನ ಸಾರು, ಅಷ್ಟಿದ್ದರೆ ಅಮ್ಮ ಎಷ್ಟು ದಿನ ಬೇಕಾದರೂ ಇರ್ತಾರೆ.

ಹನಿಯಾದಲ್ಲಿದ್ದರೆ ಸಮಾರಿಯಾ ನಿನ್ನ ಕೈಗೆಟಕುತ್ತೆ. ಬೆಳಗಿನ ಜಾವ ಬಸ್ಸು ಹತ್ತಿದರೆ ಒಮಾಲೊಸ್ ಬಯಲು ದಾಟಿ 1,200 ಮೀಟರಿಗೂ ಎತ್ತರದಲ್ಲಿ ಇಳಿಸ್ತಾರೆ. ಅಲ್ಲಿಂದ ಸಮುದ್ರದವರೆಗೆ 16 ಕಿ.ಮೀ. ಬರೀ ಇಳಿಜಾರು, ಕೊನೆಗೆ ಅಯಿಯಾ ರೂಮೆಲಿ ಅನ್ನೋ ಹಳ್ಳಿ. ಅಲ್ಲಿಗೆ ರಸ್ತೆ ಇಲ್ಲ. ದೋಣಿ ಹಿಡಿದು ಸೂಯಾಗೋ ಹೋರಾ ಸ್ಫಾಕಿಯೋನ್‌ಗೋ ಹೋಗಿ, ಅಲ್ಲಿಂದ ಬಸ್ಸಲ್ಲಿ ಹನಿಯಾಕ್ಕೆ ವಾಪಸ್. ಕಾರು ತಗೊಂಡು ಹೋದರೆ ಅದು ಬೆಟ್ಟದ ಮೇಲೆ ಉಳಿಯುತ್ತೆ, ನೀನು ಕೆಳಗೆ. ಕಣಿವೆ ಮೇ ತಿಂಗಳಿಂದ ಅಕ್ಟೋಬರ್ ತನಕ ತೆರೆದಿರುತ್ತೆ, ಮಳೆ ಬಂದ ದಿನ ಮುಚ್ಚುತ್ತಾರೆ. ಅದಕ್ಕೇ ಅದನ್ನ ಕೊನೆ ದಿನಕ್ಕೆ ಇಟ್ಟುಕೊಳ್ಳಬೇಡ. ನೀನೊಬ್ಬನೇ ಹೋಗಿ ಬಾ, ಉಳಿದವರು ನೆಯಾ ಹೋರಾದಲ್ಲಿ ಆರಾಮಾಗಿರಲಿ.

ಎಲಾಫೊನಿಸಿಗೂ ಹನಿಯಾದಿಂದ ಸುಮಾರು 75 ಕಿ.ಮೀ., ಬೆಟ್ಟದ ದಾರಿಯಾದ್ದರಿಂದ ಒಂದೂವರೆ ಗಂಟೆಗೆ ಮೇಲೆಯೇ ಇಟ್ಟುಕೋ. ಬಾಲೋಸ್ ದಂಡೆ ಬಿಡು. ಒಂದೋ ಮಣ್ಣು ರಸ್ತೆಯಲ್ಲಿ ಹೋಗಿ ಬೆಟ್ಟ ಇಳಿದು ಮತ್ತೆ ಹತ್ತಬೇಕು, ಇಲ್ಲಾ ಕಿಸ್ಸಾಮೋಸ್‌ನಿಂದ ದೋಣಿ. ಎರಡೂ ಅಮ್ಮನಿಗಾಗಲ್ಲ.

ಕ್ನೋಸೋಸ್ ಉಳಿಯಿತು. ಅದು ಹೆರಾಕ್ಲಿಯನ್ ಊರಿನಿಂದ 5 ಕಿ.ಮೀ. ಹನಿಯಾದಿಂದ ಹೆರಾಕ್ಲಿಯನ್ 140 ಕಿ.ಮೀ., ಒಂದೇ ದಿನದಲ್ಲಿ ಹೋಗಿ ಬರೋರಿದ್ದಾರೆ, ಆದರೆ ಸುಸ್ತು. ನಾನಾದರೆ ಕೊನೆಯ ಎರಡು ರಾತ್ರಿ ಹೆರಾಕ್ಲಿಯನ್‌ನಲ್ಲೇ ಇರ್ತೀನಿ. ಈ ಊರನ್ನ ಎಲ್ಲರೂ ಕಾಂಕ್ರೀಟು ಅಂತ ಬೈದು ಮುಂದೆ ಹೋಗ್ತಾರೆ. ಬೈಯೋದು ಪೂರ್ತಿ ಸುಳ್ಳಲ್ಲ, ಅಂದಗಾರ ಊರಲ್ಲ ಅದು. ಆದರೆ ಪುರಾತತ್ವ ಮ್ಯೂಸಿಯಂ ಇರೋದು ಅಲ್ಲಿ. ಪುರಾತತ್ವಜ್ಞ ಆರ್ಥರ್ ಇವಾನ್ಸ್ 1900ರಲ್ಲಿ ಕ್ನೋಸೋಸ್ ಅಗೆಯೋಕೆ ಶುರು ಮಾಡಿದ್ದು, ಅಲ್ಲಿ ಸಿಕ್ಕ ಅಸಲಿ ಚಿತ್ರಗಳಲ್ಲಿ ಬಹುಪಾಲು ಈಗ ಈ ಮ್ಯೂಸಿಯಂನಲ್ಲಿವೆ. ಕ್ನೋಸೋಸ್‌ನಲ್ಲಿ ಗೋಡೆ ಮೇಲೆ ಕಾಣೋದು ನಕಲು. ಗೂಳಿಯ ಬೆನ್ನ ಮೇಲೆ ಲಾಗ ಹಾಕೋ ಹುಡುಗ, ಎರಡೂ ಕೈಯಲ್ಲಿ ಹಾವು ಹಿಡಿದ ದೇವಿ, ಇವತ್ತಿಗೂ ಯಾರಿಗೂ ಓದೋಕೆ ಬರದ ಬರಹ ಇರೋ ಫೈಸ್ತೋಸ್ ಬಿಲ್ಲೆ, ಎಲ್ಲ ಮ್ಯೂಸಿಯಂನಲ್ಲೇ ಇವೆ. ಹಾವು ಹಿಡಿದ ದೇವಿಯ ಮುಂದೆ ಅಮ್ಮ ಕೈ ಮುಗಿದರೂ ಆಶ್ಚರ್ಯ ಇಲ್ಲ. ಮ್ಯೂಸಿಯಮ್ಮಿಗೆ ನಡೆದು ಹೋಗೋ ದೂರದಲ್ಲಿ ರೂಮ್ ನೋಡು. ಕ್ನೋಸೋಸಿಗೆ ಸಿಟಿ ಬಸ್ಸಿದೆ, ಬೆಳಿಗ್ಗೆ ಬಾಗಿಲು ತೆಗೆಯೋ ಹೊತ್ತಿಗೇ ಹೋಗಿಬಿಡಿ, ಅಲ್ಲಿ ನೆರಳು ಕಡಿಮೆ. ವಿಮಾನ ನಿಲ್ದಾಣವೂ ಊರಿಗೆ ಅಂಟಿಕೊಂಡೇ ಇದೆ. ಅಥೆನ್ಸಿನಿಂದ ಹನಿಯಾಕ್ಕೆ ಇಳಿದು ಹೆರಾಕ್ಲಿಯನ್‌ನಿಂದ ಅಥೆನ್ಸಿಗೆ ಹಾರೋ ಹಾಗೆ ಟಿಕೆಟ್ ತೆಗೆದರೆ ಒಂದೇ ರಸ್ತೆಯಲ್ಲಿ ಎರಡು ಸಲ ಓಡಾಡೋದು ತಪ್ಪುತ್ತೆ.

ಪೆಟ್ಟಿಗೆ ಎರಡು ಸಲ ಕಟ್ಟೋಕೆ ವಿದ್ಯಾ ಒಪ್ಪದಿದ್ದರೆ ರೆಥಿಮ್ನೊ. ಹನಿಯಾಕ್ಕೆ 60 ಕಿ.ಮೀ., ಹೆರಾಕ್ಲಿಯನ್‌ಗೆ 80. ಊರಿಂದಲೇ ಶುರುವಾಗಿ ಪೂರ್ವಕ್ಕೆ ಮೈಲುಗಟ್ಟಲೆ ಮರಳು ದಂಡೆ, ಹಿಂದೆ ಹಳೇ ಊರು, ಮೇಲೆ ಕೋಟೆ. ಒಂದೇ ಕಡೆ ಇದ್ದು ಎಲ್ಲವನ್ನೂ ನೋಡ್ತೀನಿ ಅನ್ನೋರಿಗೆ ಅದಕ್ಕಿಂತ ಸರಿಯಾದ ಊರಿಲ್ಲ. ಸಮಾರಿಯಾಕ್ಕೆ ಮಾತ್ರ ಇನ್ನೂ ಬೇಗ ಏಳಬೇಕಾಗುತ್ತೆ. ಮಾಲಿಯಾ, ಹೆರ್ಸೊನಿಸ್ಸೋಸ್ ಕಡೆ ಅಗ್ಗದಲ್ಲಿ ರೂಮ್ ಕಂಡರೆ ಮರುಳಾಗಬೇಡ, ಅದು ರಾತ್ರಿಯೆಲ್ಲ ಕುಡಿದು ಕುಣಿಯೋ ಹುಡುಗರ ಜಾಗ.

ಎಲೌಂಡಾ ಕೈಬಿಟ್ಟೆ ಅಂತ ಬೇಜಾರಾಗಬೇಡ. ಅದರೆದುರಿಗಿರೋ ಸ್ಪಿನಾಲೊಂಗಾ ನಡುಗಡ್ಡೆ ನೋಡುವಂಥದ್ದು, 1903ರಿಂದ 1957ರವರೆಗೆ ಕುಷ್ಠರೋಗಿಗಳನ್ನ ತಂದು ಇರಿಸ್ತಿದ್ದ ಜಾಗ. ಹೆರಾಕ್ಲಿಯನ್‌ನಲ್ಲಿ ಇನ್ನೊಂದು ರಾತ್ರಿ ಸೇರಿಸಿಕೊಂಡರೆ ಅದನ್ನೂ ನೋಡಿ ಬರಬಹುದು.

ಬುಕ್ ಮಾಡೋವಾಗ ಕೆಲವು ಮಾತು ನೆನಪಿರಲಿ. ಷೆಂಗೆನ್ ವೀಸಾಕ್ಕೆ ಪ್ರತಿ ರಾತ್ರಿ ಎಲ್ಲಿ ಉಳೀತೀರಿ ಅನ್ನೋದಕ್ಕೆ ಕಾಗದ ಬೇಕು, ಆದ್ದರಿಂದ ವೀಸಾ ಕೈಗೆ ಬರೋ ತನಕ ದುಡ್ಡು ಕಳೆಯದೇ ರದ್ದು ಮಾಡೋಕೆ ಬರುವಂಥದ್ದನ್ನೇ ಹಿಡಿ. ಅಪಾರ್ಟ್‌ಮೆಂಟ್ ಆದರೆ ಜಾಹೀರಾತಿನಲ್ಲಿ ಎ.ಎಂ.ಎ. ನೋಂದಣಿ ಸಂಖ್ಯೆ ಇದೆಯಾ ನೋಡು, ಕಾನೂನಿನ ಪ್ರಕಾರ ಇರಲೇಬೇಕು. ಬೆಲೆಯ ಮೇಲೆ ಹವಾಮಾನ ತೆರಿಗೆ ಬೇರೆ, ಅಲ್ಲಿ ಹೋದ ಮೇಲೆ ಕಟ್ಟೋದು, ರಾತ್ರಿಗೆ ಇಷ್ಟು ಅಂತ. 2025ರ ದರದಲ್ಲಿ ಅಕ್ಟೋಬರ್ ತನಕ 3 ಸ್ಟಾರ್ ರೂಮಿಗೆ 5 ಯೂರೊ, 5 ಸ್ಟಾರಿಗೆ 15. ನಿನ್ನ ಎಲೌಂಡಾ ಹೋಟೆಲ್ಲಿಗೆ ಎರಡು ರೂಮು ಹಿಡಿದರೆ ದಿನಾ 30 ಯೂರೊ ಅದಕ್ಕೇ ಹೋಗುತ್ತೆ. ಲಿಫ್ಟ್ ಇದೆಯಾ, ಎಷ್ಟನೇ ಮಹಡಿ, ಬಾಗಿಲ ತನಕ ಕಾರು ಬರುತ್ತಾ, ಈ ಮೂರನ್ನ ಮಾಲೀಕರಿಗೇ ಮೆಸೇಜ್ ಮಾಡಿ ಕೇಳು. ಕಾರಿಗೆ ಆರ್‌ಟಿಓದಲ್ಲಿ ಇಂಟರ್‌ನ್ಯಾಷನಲ್ ಪರ್ಮಿಟ್ ಮಾಡಿಸಿಕೋ. ಬಲಗಡೆ ಓಡಿಸಬೇಕು, ಮತ್ತೆ ಹಿಂದಿನವನಿಗೆ ದಾರಿ ಬಿಡೋಕೆ ಅಲ್ಲಿ ಎಲ್ಲರೂ ರಸ್ತೆ ಅಂಚಿಗೆ ಸರಿದೇ ಓಡಿಸ್ತಾರೆ, ನೀನೂ ಸರಿ.

ಯಾವ ತಾರೀಕು ಅಂತ ಈ ವಾರ ತಿಳಿಸು. ನೆಯಾ ಹೋರಾದಲ್ಲಿ ನೆಲಮಹಡಿಯ ಮನೆ ಹುಡುಕೋ ಕೆಲಸ ನನಗಿರಲಿ, ಸಿಕ್ಕ ಎರಡು ಮೂರು ಲಿಂಕ್ ಕಳಿಸ್ತೀನಿ, ವಿದ್ಯಾ ನೋಡಿ ಹೇಳಲಿ. ಅಮ್ಮನಿಗೆ ನನ್ನ ನಮಸ್ಕಾರ.

ನಿನ್ನ
ರಘು

ತಾ.ಕ.: ಬಹಳ ಕಡೆ ಕಮೋಡಿಗೆ ಟಿಶ್ಯೂ ಹಾಕಬೇಡಿ ಅಂತ ಚೀಟಿ ಅಂಟಿಸಿರ್ತಾರೆ, ಪೈಪು ಸಣ್ಣದು. ಜೆಟ್ ಸ್ಪ್ರೇ ಅಂತೂ ಇರಲ್ಲ. ಪ್ಲಾಸ್ಟಿಕ್ ಚೊಂಬೊಂದನ್ನ ಊರಿಂದಲೇ ಪೆಟ್ಟಿಗೆಗೆ ಹಾಕ್ಕೊಂಡು ಬನ್ನಿ.