ಹಳೆ ಸ್ಪೋರ್ಟ್ಸ್ ಕಾರಿನವರು ಕ್ರ್ಯಾಂಕ್ ಪುಲ್ಲಿ ನೋಡಿಕೊಳ್ಳಿ

ಗೆಳೆಯರೇ, ಭಾನುವಾರ ತೋರಣಗಲ್ಲಿಗೆ ಹೊರಡುವ ಮುಂಚೆ ದಯವಿಟ್ಟು ಕ್ರ್ಯಾಂಕ್ ಪುಲ್ಲಿ ನೋಡಿ. ಎಂಜಿನ್ನಿನ ತಿರುಗುವ ಮುಖ್ಯ ದಂಡ ಕ್ರ್ಯಾಂಕ್; ಅದರ ತುದಿಯಲ್ಲಿ ಬೆಲ್ಟ್ ತಿರುಗಿಸುವ ಚಕ್ರವೇ ಈ ಪುಲ್ಲಿ. ನನ್ನ ಗಾಡಿಯಲ್ಲಿ ಬೆಲ್ಟ್ ಕಿರುಗುಡುತ್ತಿತ್ತು. ಸುಮ್ನೆ ಬೆಲ್ಟ್ ಬದಲಿಸಿದೆ, ಸದ್ದು ಹೋಗಲಿಲ್ಲ. ಪುಲ್ಲಿಯೇ ಅಲ್ಲಾಡುತ್ತಿತ್ತು!

ಇದು ಒಂದೇ ತುಂಡಲ್ಲ. ಒಳಗೆ ಹಬ್, ಹೊರಗೆ ಬಳೆ, ನಡುವೆ ರಬ್ಬರ್. ಕ್ರ್ಯಾಂಕಿನ ನಡುಕ ತಗ್ಗಿಸುವುದೇ ಆ ರಬ್ಬರ್. ವರ್ಷಗಳಾದ ಮೇಲೆ ಎಂಜಿನ್ ಬಿಸಿಗೆ ಅದು ಬಿರಿಯುತ್ತದೆ, ಬಳೆ ಜಾರುತ್ತದೆ. ನಮ್ಮ ಬಳ್ಳಾರಿ ಬಿಸಿಲು ಬೇರೆ, ಅಲ್ವಾ? ಬಳೆ ಕಳಚಿದರೆ ಬೆಲ್ಟ್ ಹಾರಿ ಚಾರ್ಜಿಂಗ್ ನಿಲ್ಲುತ್ತದೆ. ಕೆಲವು ಎಂಜಿನ್‌ಗಳಲ್ಲಿ ವಾಟರ್ ಪಂಪ್ ಕೂಡ.

ಎಂಜಿನ್ ನಿಲ್ಲಿಸಿ, ಹಬ್‌ನಿಂದ ಬಳೆಯವರೆಗೆ ಬಿಳಿ ಪೇಂಟಿನಲ್ಲಿ ಗೆರೆ ಎಳೆಯಿರಿ. ಒಂದು ಸುತ್ತು ಓಡಿಸಿ ಬನ್ನಿ. ಗೆರೆ ಸರಿದಿದ್ದರೆ ಹೊಸ ಪುಲ್ಲಿಯೇ ಹಾಕಿಸಿ. ವೆಲ್ಡಿಂಗ್ ಮಾತ್ರ ಬೇಡ.