‘ಸ್ಟಾಕ್ ಇಲ್ಲ’ ಎಂದು ಫೋನಿನಲ್ಲೇ ಹೇಳಬಹುದಿತ್ತಲ್ಲ?

ಸಂಪಾದಕರೇ,

‘ಔಷಧ ಕೊರತೆ ಇಲ್ಲ’ ಎಂದು ನಮ್ಮ ದೊಡ್ಡಾಸ್ಪತ್ರೆಯವರು ಕೊಟ್ಟ ಹೇಳಿಕೆ ಮೊನ್ನೆ ನಿಮ್ಮ ಪತ್ರಿಕೆಯಲ್ಲಿ ಬಂದಿತ್ತು. ಅದನ್ನು ನಂಬಿಕೊಂಡೇ ನಿನ್ನೆ ಐವಿಐಜಿ ಎಂಬ ಔಷಧ ಹಾಕಿಸಲು ಮಗನನ್ನು ಕರೆದುಕೊಂಡು ಹೋದೆ. ಬೆಳಿಗ್ಗೆ 5.30ರ ಬಸ್ಸು. 9 ಗಂಟೆಗೆ ಚೀಟಿ ಮಾಡಿಸಿದೆ. 12.30ಕ್ಕೆ ಉತ್ತರ ಸಿಕ್ಕಿತು: ‘ಐವಿಐಜಿ ಸ್ಟಾಕ್ ಇಲ್ಲ, ಮುಂದಿನ ವಾರ ಬನ್ನಿ.’ ಹಿಂದಿನ ದಿನ 4 ಸಲ ಫೋನ್ ಮಾಡಿದ್ದೆ, ಯಾರೂ ಎತ್ತಲಿಲ್ಲ.

ನನ್ನ ಮಗನಿಗೆ 7 ವರ್ಷ. ರೋಗಾಣುಗಳ ಜೊತೆ ಹೋರಾಡುವ ಪ್ರತಿಕಾಯಗಳನ್ನೇ ಅವನ ಮೈ ತಯಾರಿಸುವುದಿಲ್ಲ. ಹುಟ್ಟಿನಿಂದಲೇ ಬಂದದ್ದು, ಎಕ್ಸ್‌ಎಲ್‌ಎ ಅನ್ನುತ್ತಾರೆ. ಐವಿಐಜಿ ಅಂದರೆ ದಾನಿಗಳ ರಕ್ತದ ಪ್ಲಾಸ್ಮಾದಿಂದ ತೆಗೆದ ಪ್ರತಿಕಾಯಗಳು (ಇಮ್ಯುನೋಗ್ಲೋಬ್ಯುಲಿನ್). ಅದನ್ನು 3–4 ವಾರಕ್ಕೊಮ್ಮೆ ಡ್ರಿಪ್‌ನಲ್ಲಿ ಹಾಕಿಸಬೇಕು, ಜೀವನಪೂರ್ತಿ. ಹಾಕಿಸಿದ್ದು ಸುಮಾರು 3 ವಾರದಲ್ಲಿ ಅರ್ಧಕ್ಕಿಳಿಯುತ್ತದೆ. ‘ಮುಂದಿನ ವಾರ’ ಅನ್ನುವವರಿಗೆ ಈ ಲೆಕ್ಕ ಗೊತ್ತಿರಬೇಕು ಅಲ್ವಾ? ಹೊರಗಿನ ಅಂಗಡಿಯಲ್ಲಿ ಬೆಲೆ ಕೇಳಿದೆ. ನನ್ನ ತಿಂಗಳ ಸಂಬಳಕ್ಕಿಂತ ಜಾಸ್ತಿ. ವಾಪಸ್ ಬರುವಾಗ ಬಸ್ಸು ತುಂಬಿತ್ತು, ಸುತ್ತಲೂ ಕೆಮ್ಮುವವರು. ಮಗುವಿನ ಮುಖವನ್ನು ಸೆರಗಿನಲ್ಲಿ ಮುಚ್ಚಿಕೊಂಡು ನಿಂತೇ ಬಂದೆ.

ಈ ಕಾಯಿಲೆ ಪತ್ತೆಯಾಗಲು 4 ವರ್ಷ ಹಿಡಿಯಿತು. ಮೊದಲ ಆರು ತಿಂಗಳು ನನ್ನಿಂದ ಬಂದ ಪ್ರತಿಕಾಯಗಳು ಕಾಪಾಡಿದವು. ಆಮೇಲೆ ಶುರುವಾಯಿತು ಕಿವಿ ಸೋರುವುದು, ಸೈನಸ್, ವರ್ಷಕ್ಕೆರಡು ಸಲ ನ್ಯುಮೋನಿಯಾ. ಪ್ರತಿ ಸಲವೂ ಆಂಟಿಬಯೋಟಿಕ್ ಬರೆದು ಕಳಿಸಿದರು. ‘ಸರಿಯಾಗಿ ಊಟ ಹಾಕಮ್ಮ’ ಎಂದು ನನ್ನನ್ನೇ ಬೈದರು. ಎಷ್ಟು ಡಾಕ್ಟರು ಟಾರ್ಚ್ ಬಿಟ್ಟು ಗಂಟಲು ನೋಡಿದರು! ಈ ಕಾಯಿಲೆಯ ಮಕ್ಕಳಿಗೆ ಟಾನ್ಸಿಲ್ ಬೆಳೆಯುವುದೇ ಇಲ್ಲವೆನ್ನುವಷ್ಟು ಚಿಕ್ಕದು. ಆದರೂ ಟಾನ್ಸಿಲ್ ಕಾಣುತ್ತಿಲ್ಲ ಎಂದು ಒಬ್ಬರಾದರೂ ಹೇಳಲಿಲ್ಲ. ಕೊನೆಗೆ ಪ್ರತಿಕಾಯಗಳು ಎಷ್ಟಿವೆ ಎಂದು ಅಳೆಯುವ ಐಜಿಜಿ, ಐಜಿಎ, ಐಜಿಎಂ ಎಂಬ ರಕ್ತಪರೀಕ್ಷೆ ಮಾಡಿಸಿದಾಗ ಗೊತ್ತಾಯಿತು. ಅಷ್ಟರಲ್ಲಿ ಒಂದು ಕಿವಿ ಮಂದವಾಗಿತ್ತು.

ಕಚೇರಿಗಳದ್ದೂ ಇದೇ ಕತೆ. ಅಂಗವಿಕಲರ ಕಾರ್ಡಿಗಾಗಿ 6 ಸಲ ಅಲೆಸಿದರು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಥಲಸ್ಸೇಮಿಯಾ, ಹಿಮೋಫಿಲಿಯಾದಂಥ ರಕ್ತದ ಕಾಯಿಲೆಗಳು ಇವೆ, ನಮ್ಮ ಕಾಯಿಲೆ ಇಲ್ಲ. ಇದನ್ನು ಮೊದಲ ದಿನವೇ ಹೇಳಿದ್ದರೆ ಐದು ದಿನದ ಕೂಲಿ ಉಳಿಯುತ್ತಿತ್ತು. ಕೇಂದ್ರ ಸರ್ಕಾರದ 2021ರ ಅಪರೂಪದ ಕಾಯಿಲೆಗಳ ನೀತಿಯಲ್ಲಿ ನಮ್ಮ ಕಾಯಿಲೆಯ ಹೆಸರಿದೆ. ಆ ಹಾಳೆ ತೋರಿಸಿದರೆ ‘ನಮಗೆ ಸುತ್ತೋಲೆ ಬಂದಿಲ್ಲ’ ಅಂದರು. ಇನ್ನು ಆಸ್ಪತ್ರೆಯ ಲಿಫ್ಟ್! ಸಚಿವರು ಬಂದ ದಿನ ಓಡಿತು, ಮರುದಿನವೇ ನಿಂತಿತು. ಮಕ್ಕಳ ವಾರ್ಡು ಮೂರನೇ ಮಹಡಿಯಲ್ಲಿದೆ. ಜ್ವರದ ಮಗುವನ್ನು ಎತ್ತಿಕೊಂಡು ಹತ್ತುವುದು ಅಧಿಕಾರಿಗಳಲ್ಲವಲ್ಲ, ನಾವು.

ಮೊದಲು ಔಷಧ ತರಿಸಿ. ತರಿಸಲು ಆಗದಿದ್ದರೆ ಪತ್ರಿಕೆಗೆ ಹೇಳಿಕೆ ಕೊಡುವುದನ್ನಾದರೂ ನಿಲ್ಲಿಸಿ. ಲಿಫ್ಟ್ ಸರಿ ಮಾಡಿಸಿ. ಆ ಫೋನನ್ನಾದರೂ ಎತ್ತಿ. ಮುಂದಿನ ವಾರ ಮತ್ತೆ 5.30ರ ಬಸ್ಸಿಗೆ ಬರುತ್ತೇನೆ.

— ಒಬ್ಬ ತಾಯಿ