ಅತಿಮಾನುಷ ಯೋಧರಲ್ಲ, ಎರಡು ಸಲ ಮೋಸಹೋದವರು

ಮಾನ್ಯ ಸಂಪಾದಕರೇ,

ನಿದ್ದೆ, ಹಸಿವು, ಭಯ ಮೂರನ್ನೂ ಗೆದ್ದ ‘ಸೂಪರ್ ಸೈನಿಕ’ರ ಕುರಿತ ಬರಹಗಳು ಎರಡನೇ ಮಹಾಯುದ್ಧದ ಜರ್ಮನ್ ಸೇನೆಯನ್ನು ಬೆರಗಿನಿಂದಲೇ ವರ್ಣಿಸುತ್ತವೆ. ಅವರನ್ನು ಏನು ಹೇಳಿ ಯುದ್ಧಕ್ಕೆ ಇಳಿಸಿದರು, ಏನು ನುಂಗಿಸಿ ಓಡಿಸಿದರು ಎಂಬುದು ಮಾತ್ರ ಬಿಟ್ಟುಹೋಗುತ್ತದೆ.

ಮೊದಲ ಮೋಸ ಯುದ್ಧದ ನೆಪದ್ದು. 1939ರ ಆಗಸ್ಟ್ 31ರ ರಾತ್ರಿ ಜರ್ಮನಿಯ ಗಡಿಪಟ್ಟಣ ಗ್ಲೈವಿಟ್ಸ್‌ನ ರೇಡಿಯೊ ಕೇಂದ್ರಕ್ಕೆ ನುಗ್ಗಿದವರು ಪೋಲೆಂಡಿನವರಲ್ಲ, ಆಲ್‌ಫ್ರೆಡ್ ನೌಯೋಕ್ಸ್ ಎಂಬ, ನಾಜಿ ಪಕ್ಷದ ಸಶಸ್ತ್ರ ದಳವಾದ ಎಸ್‌ಎಸ್‌ನ ಅಧಿಕಾರಿಯ ತಂಡ. ಪೋಲಿಷ್ ಭಾಷೆಯಲ್ಲಿ ಚುಟುಕು ಘೋಷಣೆಯೊಂದನ್ನು ಬಿತ್ತರಿಸಿ, ಹಿಂದಿನ ದಿನವಷ್ಟೇ ಹಿಡಿದು ತಂದಿದ್ದ ಫ್ರಾಂಚಿಶೆಕ್ ಹೊನಿಯೊಕ್ ಎಂಬ ಅಮಾಯಕನನ್ನು, ದಾಳಿ ಮಾಡಿದ್ದು ಪೋಲೆಂಡಿನವರೇ ಎಂಬುದಕ್ಕೆ ಸಾಕ್ಷಿಯಾಗಲೆಂದು, ಕೊಂದು ಅಲ್ಲೇ ಬಿಟ್ಟು ಹೋದರು. ಮರುದಿನ ಹಿಟ್ಲರ್ ಸಂಸತ್ತಿನಲ್ಲಿ, ನಾವು ತಿರುಗಿ ಗುಂಡು ಹಾರಿಸುತ್ತಿದ್ದೇವೆ ಎಂದ. ಗಡಿ ದಾಟಿದ ಸಾಮಾನ್ಯ ಸಿಪಾಯಿ ನಂಬಿದ್ದು ಇದನ್ನೇ. ನೌಯೋಕ್ಸ್ ಪ್ರಮಾಣ ಮಾಡಿ ನಿಜ ಹೇಳುವಷ್ಟರಲ್ಲಿ 1945 ಆಗಿತ್ತು.

ಎರಡನೆಯ ಮೋಸ ಮಾತ್ರೆಯದು. ಪರ್ವಿಟಿನ್ ಎಂಬ ಮಾತ್ರೆಯಲ್ಲಿದ್ದದ್ದು 3 ಮಿಲಿಗ್ರಾಂ ಮೆಥಾಂಫೆಟಮಿನ್ ಎಂಬ ಉತ್ತೇಜಕ ಮಾದಕದ್ರವ್ಯ; 1938ರಿಂದ ಜರ್ಮನಿಯಲ್ಲಿ ಮಾರಾಟಕ್ಕಿತ್ತು. 1940ರ ಏಪ್ರಿಲ್‌ನಲ್ಲಿ ಸೇನೆ ಇದರ ಬಳಕೆಗೆ ಸುತ್ತೋಲೆಯನ್ನೇ ಹೊರಡಿಸಿತು. ಫ್ರಾನ್ಸ್ ದಾಳಿಯ ಆ ಕೆಲವೇ ತಿಂಗಳಲ್ಲಿ ಸುಮಾರು 3.5 ಕೋಟಿ ಮಾತ್ರೆಗಳು ಸರಬರಾಜಾದವು.

ಈ ಮಾತ್ರೆ ದೇಹಕ್ಕೆ ಹೊಸ ಬಲ ತುಂಬುವುದಿಲ್ಲ. ನರತುದಿಗಳಲ್ಲಿ ಕೂಡಿಟ್ಟ ಡೋಪಮಿನ್, ನಾರ್‌ಅಡ್ರಿನಲಿನ್ ಎಂಬ ಸಂದೇಶವಾಹಕ ರಾಸಾಯನಿಕಗಳನ್ನು ಒಮ್ಮೆಲೇ ಹೊರಚೆಲ್ಲಿಸಿ, ದಣಿವಿನ ಸೂಚನೆಯನ್ನು ಮುಚ್ಚಿಹಾಕುತ್ತದೆ ಅಷ್ಟೇ. ಸ್ನಾಯು ಸವೆಯುತ್ತಲೇ ಇರುತ್ತದೆ, ನಿದ್ದೆಯ ಸಾಲ ಬೆಳೆಯುತ್ತಲೇ ಇರುತ್ತದೆ. ನಾಡಿ, ರಕ್ತದೊತ್ತಡ, ಮೈಕಾವು ಮೂರೂ ಏರುತ್ತವೆ. ಅರ್ಧದಷ್ಟು ಔಷಧ ದೇಹ ಬಿಡಲು ಹತ್ತು ತಾಸಿನ ಆಸುಪಾಸು ಬೇಕು. ಅಷ್ಟರೊಳಗೆ ಇನ್ನೊಂದು ನುಂಗಿದರೆ ಮೊದಲಿನದರ ಮೇಲೆ ಅದೂ ಸೇರಿಕೊಳ್ಳುತ್ತದೆ. ದಿನಗಳೆದಂತೆ ಅದೇ ಎಚ್ಚರಕ್ಕೆ ಹೆಚ್ಚು ಮಾತ್ರೆ ಬೇಕಾಗುತ್ತದೆ, ಆಮೇಲೆ ಇಲ್ಲದ್ದು ಕಾಣಿಸತೊಡಗುತ್ತದೆ. ಇನ್ನೊಂದು ಮಾತು: ಎಚ್ಚರವಾಗಿರುವುದೂ ಸರಿಯಾಗಿ ಯೋಚಿಸುವುದೂ ಒಂದೇ ಅಲ್ಲ. ಕೋವಿ ಹಿಡಿದವನ ವಿಷಯದಲ್ಲಿ ಈ ಅಂತರವೇ ಜೀವ ತೆಗೆಯುವಂಥದ್ದು.

ಮಿತಿ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ, ಆಗ ಜರ್ಮನಿಯ ಜೊತೆಗಿದ್ದ ಫಿನ್ಲೆಂಡಿನ ಸೈನಿಕ ಐಮೊ ಕೊಯ್ವುನೆನ್ ಇದ್ದಾನೆ. 1944ರ ಮಾರ್ಚ್‌ನಲ್ಲಿ ಸೋವಿಯತ್ ಪಡೆ ಬೆನ್ನಟ್ಟಿದಾಗ, ತಂಡಕ್ಕೆಲ್ಲ ಸೇರಿದ್ದ 30 ಪರ್ವಿಟಿನ್ ಮಾತ್ರೆಗಳನ್ನು ಒಂದೇ ಸಲ ನುಂಗಿದ. ಕೈಗವಸಿನಲ್ಲಿ ಒಂದೊಂದೇ ಆರಿಸಿಕೊಳ್ಳಲು ಆಗಿರಲಿಲ್ಲ. ಹಿಮದಲ್ಲಿ 400 ಕಿಲೋಮೀಟರ್‌ಗೂ ಹೆಚ್ಚು ದೂರ ಅಲೆದು ಸಿಕ್ಕಾಗ ತೂಕ 43 ಕಿಲೋ, ನಾಡಿಬಡಿತ ನಿಮಿಷಕ್ಕೆ 200ರ ಹತ್ತಿರ. ಅವನು ಬದುಕಿದ್ದನ್ನು ಔಷಧದ ಮಹಿಮೆ ಎಂದು ಬರೆಯುವವರಿದ್ದಾರೆ. ಮಂಪರಿನಲ್ಲಿ ತಂಡದಿಂದ ಬೇರೆಯಾಗಿದ್ದು, ನೆಲಬಾಂಬ್ ತುಳಿದಿದ್ದು ಯಾರಿಗೂ ನೆನಪಾಗುವುದಿಲ್ಲ.

ಅಪಾಯ ಜರ್ಮನ್ ಸರ್ಕಾರಕ್ಕೂ ಗೊತ್ತಿತ್ತು. 1941ರಲ್ಲಿ ಪರ್ವಿಟಿನ್ ಅನ್ನು ಅಫೀಮು ಕಾಯ್ದೆಯಡಿ ತಂದರು, ಆದರೂ ಸೇನೆಗೆ ಸರಬರಾಜು ನಿಲ್ಲಲಿಲ್ಲ. 1944ರ ಕೊನೆಗೆ ಕೊಕೇನ್ ಮತ್ತು ಆಕ್ಸಿಕೊಡೋನ್ ಎಂಬ ಪ್ರಬಲ ನೋವುನಿವಾರಕವನ್ನು ಇದಕ್ಕೆ ಬೆರೆಸಿ ಡಿ-9 ಎಂಬ ಮಾತ್ರೆ ಮಾಡಿ, ಸಾಕ್ಸೆನ್‌ಹೌಸನ್ ಸೆರೆಶಿಬಿರದ ಕೈದಿಗಳ ಮೇಲೆ ಪ್ರಯೋಗಿಸಿದರು. ಬೆನ್ನಿಗೆ ಹೊರೆ ಕಟ್ಟಿ, ಬೂಟು ಪರೀಕ್ಷಿಸುವ ಹಾದಿಯಲ್ಲಿ ಸುತ್ತುಹಾಕಿಸಿದರು. ‘ಸೂಪರ್ ಸೈನಿಕ’ರ ಮುಂದಿನ ಬರಹದಲ್ಲಿ ಆ ಕೈದಿಗಳಿಗೂ ನಾಲ್ಕು ಸಾಲು ಜಾಗ ಕೊಡಿ.